ಇಂಗ್ಲಿಷ್ ಬಂದಿದ್ದು ಯಾರ ದಯೆಯಿಂದ? ಭಾಷೆ ಕಲಿಯುವವರು ಕೊಡುವ ಕಾರಣಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು. ರಿಸಲ್ಟ್ ಬಂದ ವಾರ ನನಗೊಂದು ಚಾಳಿ. ಕಾರಿಡಾರಿನಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ಇಷ್ಟು ಮಾರ್ಕ್ಸ್ ಹೇಗೆ ಬಂತು?" ಅಂತ ಕೇಳುತ್ತೇನೆ. ಚೆನ್ನಾಗಿ ತೆಗೆದವರು "ನೀವು ಚೆನ್ನಾಗಿ ಪಾಠ ಮಾಡಿದ್ರಲ್ಲ ಸರ್" ಅನ್ನುತ್ತಾರೆ. ಫೇಲಾದವರು "ನಾನೇ ಸರಿಯಾಗಿ ಓದ್ಲಿಲ್ಲ ಸರ್" ಅನ್ನುತ್ತಾರೆ. ಪಾಠ ಮಾಡಿದವನು ಒಬ್ಬನೇ, ಕ್ಲಾಸೂ ಒಂದೇ. ಗೆದ್ದರೆ ಮೇಷ್ಟ್ರಿಂದ, ಸೋತರೆ ತನ್ನಿಂದ! ನನಗೇನೋ ಇದು ಲಾಭದ ಲೆಕ್ಕವೇ. ಆದರೆ ಈ ಲೆಕ್ಕವನ್ನು ಇವರಿಗೆ ಹೇಳಿಕೊಟ್ಟವರು ಯಾರು ಅಂತ ಹುಡುಕಲು ಹೊರಟೆ. ದಾರಿಯಲ್ಲಿ ಜೊತೆಯ ಮೇಷ್ಟ್ರುಗಳು, ತಂದೆತಾಯಂದಿರು, ಹುಡುಗರು ಕೇಳಿದ ಪ್ರಶ್ನೆಗಳು ಇವು.

ಕಾರಣ ಏನಾದ್ರೂ ಹೇಳಿಕೊಳ್ಳಲಿ ಬಿಡಿ. ಮಾರ್ಕ್ಸ್ ಬಂದರೆ ಸಾಲದಾ?

ಸಾಲದು. ನಿನ್ನೆಯ ಸೋಲಿಗೆ ಕೊಟ್ಟುಕೊಂಡ ಕಾರಣವೇ ನಾಳೆ ಪುಸ್ತಕ ತೆಗೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ವೈನರ್ 1970ರ ದಶಕದಿಂದ ಇದರ ಮೇಲೆಯೇ ಕೆಲಸ ಮಾಡಿದರು. ಜನ ಕೊಡುವ ಕಾರಣಗಳನ್ನು ಅವರು ಮೊದಲು ನಾಲ್ಕಾಗಿ ವಿಂಗಡಿಸಿದರು: ಸಾಮರ್ಥ್ಯ, ಶ್ರಮ, ಕೆಲಸ ಎಷ್ಟು ಕಷ್ಟದ್ದು, ಅದೃಷ್ಟ. ಆಮೇಲೆ ಪ್ರತಿ ಕಾರಣಕ್ಕೂ ಮೂರು ಪ್ರಶ್ನೆ ಹಾಕಿದರು. ಅದು ನನ್ನೊಳಗಿನದೋ, ಹೊರಗಿನದೋ? ಬದಲಾಗುವಂಥದ್ದೋ, ಹಾಗೇ ಉಳಿಯುವಂಥದ್ದೋ? ನನ್ನ ಕೈಯಲ್ಲಿದೆಯೋ, ಇಲ್ಲವೋ?

ಕೇಳಲು ಒಣ ಶಾಸ್ತ್ರ ಅನ್ನಿಸುತ್ತದೆ, ಆದರೆ ನಮ್ಮ ಮಾತಿಗೆ ಹಚ್ಚಿ ನೋಡಿ. "ಇಂಗ್ಲಿಷ್ ನನ್ನ ನಾಲಿಗೆಗೆ ಹೊರಳಲ್ಲ" ಅನ್ನುವುದೂ, "ಈ ಸಲ ಓದ್ಲಿಲ್ಲ" ಅನ್ನುವುದೂ ತಪ್ಪನ್ನು ತನ್ನ ಮೇಲೆಯೇ ಹಾಕಿಕೊಳ್ಳುವ ಮಾತುಗಳು. ಆದರೆ ಮೊದಲನೆಯದು ಬದಲಾಗದ್ದು, ಕೈಯಲ್ಲಿಲ್ಲದ್ದು. ಅದರಿಂದ ಹುಟ್ಟುವುದು ನಾಚಿಕೆ, ನಾಚಿಕೊಂಡವನು ಹಿಂದಿನ ಬೆಂಚಿಗೆ ಹೋಗುತ್ತಾನೆ. ಎರಡನೆಯದರಿಂದ ಹುಟ್ಟುವುದು "ಛೆ, ಓದಬೇಕಿತ್ತು" ಅನ್ನುವ ಕಸಿವಿಸಿ. ಆ ಕಸಿವಿಸಿ ಇರುವವನನ್ನು ಮುಂದಿನ ಪರೀಕ್ಷೆಗೆ ಕೂರಿಸಬಹುದು.

ಇದರಲ್ಲಿ ಸಂಸ್ಕೃತಿ ಎಲ್ಲಿಂದ ಬಂತು? ಮನುಷ್ಯರ ಮನಸ್ಸು ಎಲ್ಲ ಕಡೆ ಒಂದೇ ಅಲ್ವಾ?

ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದರು. ಅದನ್ನು ಅಲ್ಲಾಡಿಸಿದ ಅಧ್ಯಯನಗಳಲ್ಲಿ ಒಂದು ನಡೆದದ್ದು ನಮ್ಮ ಮೈಸೂರಿನಲ್ಲಿ. ನಮ್ಮವರಿಗೇ ಇದು ಅಷ್ಟಾಗಿ ಗೊತ್ತಿಲ್ಲ ಅನ್ನುವುದು ನನಗೊಂದು ಸಣ್ಣ ಬೇಜಾರು.

ಜೋನ್ ಮಿಲ್ಲರ್ ಎಂಬ ಸಂಶೋಧಕಿ 1984ರಲ್ಲಿ ಪ್ರಕಟಿಸಿದ ಕೆಲಸ ಅದು. ಷಿಕಾಗೋದ ಅಮೆರಿಕನ್ನರು ಒಂದು ಕಡೆ, ಮೈಸೂರಿನ ಹಿಂದೂಗಳು ಇನ್ನೊಂದು ಕಡೆ. ಎರಡೂ ಊರಿನಲ್ಲಿ 8, 11, 15 ವರ್ಷದ ಮಕ್ಕಳು ಮತ್ತು ದೊಡ್ಡವರು. ನಿಮಗೆ ಗೊತ್ತಿರುವವರು ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಅವರು ಯಾಕೆ ಹಾಗೆ ಮಾಡಿದರು ಅನ್ನುವುದನ್ನೂ ಹೇಳಿ ಅಂತ ಕೇಳಿದರು. ಷಿಕಾಗೋದ ದೊಡ್ಡವರು ಜಾಸ್ತಿ ಹೇಳಿದ್ದು ಆ ವ್ಯಕ್ತಿಯ ಗುಣ: ಅವನು ಸ್ವಾರ್ಥಿ, ಅವಳು ಧಾರಾಳಿ. ಮೈಸೂರಿನ ದೊಡ್ಡವರು ಜಾಸ್ತಿ ಹೇಳಿದ್ದು ಸಂದರ್ಭ, ಸಂಬಂಧ, ಜವಾಬ್ದಾರಿ.

ಅದರಲ್ಲಿ ಬರುವ ಒಂದು ಪ್ರಸಂಗ ಮರೆಯುವಂಥದ್ದಲ್ಲ. ಒಬ್ಬ ವಕೀಲ ಮೋಟರ್ ಬೈಕಿನಲ್ಲಿ ಹೋಗುವಾಗ ಅಪಘಾತವಾಗಿ ಹಿಂದೆ ಕೂತವನ ತಲೆಗೆ ಪೆಟ್ಟಾಗುತ್ತದೆ. ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸಿ ತಾನು ಕೋರ್ಟಿಗೆ ಹೋಗಿಬಿಡುತ್ತಾನೆ. ಪೆಟ್ಟಾದವನು ತೀರಿಕೊಳ್ಳುತ್ತಾನೆ. ವಕೀಲ ಯಾಕೆ ಹಾಗೆ ಮಾಡಿದ? ಅಮೆರಿಕನ್ನರು ಬೇಜವಾಬ್ದಾರಿ ಮನುಷ್ಯ ಅನ್ನುವ ಕಡೆಗೆ ವಾಲಿದರೆ, ಮೈಸೂರಿನವರು ಕೋರ್ಟಿನಲ್ಲಿ ಕಕ್ಷಿಗಾರನ ಕೆಲಸ ಇತ್ತು, ಗಾಬರಿಯಾಗಿರಬೇಕು, ಪೆಟ್ಟು ಅಷ್ಟು ಜೋರು ಅಂತ ಗೊತ್ತಾಗಿರಲಿಕ್ಕಿಲ್ಲ ಅನ್ನುವ ಕಡೆಗೆ ವಾಲಿದರು. ಅರಳಿಕಟ್ಟೆಯಲ್ಲಿ ಕೂತು ಮಾತಾಡುವವರ ದನಿಯೇ ಅಲ್ವಾ ಇದು?

ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಎಂಟು ವರ್ಷದ ಮಕ್ಕಳಲ್ಲಿ ಎರಡೂ ಊರಿಗೆ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಅದು ಬೆಳೆದದ್ದು ವಯಸ್ಸಿನ ಜೊತೆ. ಅಂದರೆ ಕಾರಣ ಕೊಡುವ ರೀತಿಯನ್ನು ಯಾರೂ ಹೊಟ್ಟೆಯಿಂದ ತರುವುದಿಲ್ಲ. ಮಾತು ಕಲಿತ ಹಾಗೆಯೇ ಅದನ್ನೂ ಮನೆಯಲ್ಲಿ, ಬೀದಿಯಲ್ಲಿ, ಕ್ಲಾಸಿನಲ್ಲಿ ಕಲಿಯುತ್ತೇವೆ.

ಅದು ಬೈಕಿನ ಕಥೆ ಆಯ್ತು. ಭಾಷೆ ಕಲಿಕೆಯಲ್ಲಿ ಯಾರಾದರೂ ನೋಡಿದ್ದಾರಾ?

ನೋಡಿದ್ದಾರೆ. ಜಪಾನಿನಲ್ಲಿ ಪೀಟರ್ ಗೋಬೆಲ್ ಮತ್ತು ಸೆತ್ಸುಕೊ ಮೋರಿ ವಿಶ್ವವಿದ್ಯಾಲಯದ ಮೊದಲ ವರ್ಷದ ಹುಡುಗರನ್ನು ಇಂಗ್ಲಿಷ್ ಕ್ಲಾಸಿನ ಬಗ್ಗೆ ಕೇಳಿದರು. 2007ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಕಂಡದ್ದು ನನ್ನ ಕಾರಿಡಾರಿನ ಕಥೆಯೇ. ಚೆನ್ನಾಗಿ ಮಾಡಿದ್ದರೆ ಟೀಚರ್ ಒಳ್ಳೆಯವರು, ಕ್ಲಾಸಿನ ವಾತಾವರಣ ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ನನಗೆ ಸಾಮರ್ಥ್ಯ ಇಲ್ಲ, ನಾನು ಶ್ರಮ ಪಡಲಿಲ್ಲ. ಆಮೇಲೆ 2010ರಲ್ಲಿ ಥಾಯ್ಲೆಂಡಿನ ವಿದ್ಯಾರ್ಥಿಗಳನ್ನೂ ಜೊತೆಗಿಟ್ಟು ಹೋಲಿಸಿದಾಗ ಅಲ್ಲಿಯೂ ಹೆಚ್ಚುಕಡಿಮೆ ಅದೇ ರಾಗ.

ಪಾಶ್ಚಾತ್ಯ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಇದರ ಉಲ್ಟಾ ಬರೆದಿತ್ತು. ಗೆದ್ದರೆ ನನ್ನ ಬುದ್ಧಿ, ಸೋತರೆ ಪ್ರಶ್ನೆಪತ್ರಿಕೆ ಸರಿ ಇರಲಿಲ್ಲ. ಹೀಗೆ ಹೆಸರನ್ನು ತಾನಿಟ್ಟುಕೊಂಡು ತಪ್ಪನ್ನು ಬೇರೆಯವರಿಗೆ ಹಂಚುವುದೇ ಮನುಷ್ಯ ಸಹಜ ಅಂತ ಅವರು ತಿಳಿದಿದ್ದರು. ಆ "ಮನುಷ್ಯ" ಬಹಳ ಮಟ್ಟಿಗೆ ಅಮೆರಿಕದ ಕಾಲೇಜು ಹುಡುಗನೇ ಆಗಿದ್ದ ಅನ್ನುವುದು ಆಮೇಲೆ ಗೊತ್ತಾಯಿತು.

ಬಹ್ರೇನಿನಲ್ಲಿ ಅರಬ್ಬಿ ಮಾತಾಡುವ ಮಕ್ಕಳ ಮೇಲೆ ನಡೆದ ಕೆಲಸವೊಂದು 2001ರಲ್ಲಿ ಪ್ರಕಟವಾಯಿತು. ಮರಿಯನ್ ವಿಲಿಯಮ್ಸ್, ರಾಬರ್ಟ್ ಬರ್ಡನ್ ಮತ್ತು ಬಹ್ರೇನಿನ ಸಂಶೋಧಕಿಯೊಬ್ಬರು ಸೇರಿ ಮಾಡಿದ್ದು. ಅಲ್ಲಿ ಮಕ್ಕಳು ಇಂಗ್ಲಿಷ್ ಬಂದಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಅಭ್ಯಾಸ, ಮನೆಯವರ ಮತ್ತು ಟೀಚರ್ ಬೆಂಬಲ, ಆ ಭಾಷೆ ಕಿವಿಗೆ ಬೀಳುವ ಅವಕಾಶ ಇವೆಲ್ಲ ಇದ್ದವು. ಮನೆಯವರ ಬೆಂಬಲವನ್ನು ವೈನರ್ ಅವರ ಆ ನಾಲ್ಕು ಡಬ್ಬಿಗಳಲ್ಲಿ ಎಲ್ಲಿ ತುಂಬುತ್ತೀರಿ? ಅದಕ್ಕೇ ಈ ಸಂಶೋಧಕರು ಪಟ್ಟಿ ಹಿಡಿದು ಹೋಗದೆ ಮಕ್ಕಳ ಮಾತನ್ನೇ ಮೊದಲು ಕೇಳಿಸಿಕೊಂಡರು. ನನ್ನ ಮಟ್ಟಿಗೆ ಆ ಅಧ್ಯಯನದ ದೊಡ್ಡ ಪಾಠ ಅದೇ.

ಸೋತಾಗ ತನ್ನನ್ನೇ ಬೈದುಕೊಂಡರೆ ಧೈರ್ಯ ಕುಸಿಯಲ್ವಾ?

ಕುಸಿಯಬಹುದು, ಕುಸಿಯದೆಯೂ ಇರಬಹುದು. ಸ್ಟೀವನ್ ಹೈನ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆನಡಾದವರಿಗೂ ಜಪಾನಿನವರಿಗೂ ಒಂದು ಕೆಲಸ ಕೊಟ್ಟು, ಕೆಲವರಿಗೆ ಚೆನ್ನಾಗಿ ಮಾಡಿದ್ರಿ ಅಂತಲೂ ಕೆಲವರಿಗೆ ಸರಿಯಾಗಲಿಲ್ಲ ಅಂತಲೂ ಅನ್ನಿಸುವ ಹಾಗೆ ಮಾಡಿ, ಆಮೇಲೆ ಅಂಥದ್ದೇ ಕೆಲಸವನ್ನು ಅವರು ಎಷ್ಟು ಹೊತ್ತು ಮುಂದುವರಿಸುತ್ತಾರೆ ಅಂತ ನೋಡಿದರು. ಕೆನಡಾದವರು ಗೆದ್ದ ಮೇಲೆ ಜಾಸ್ತಿ ಹೊತ್ತು ಕೂತರು. ಜಪಾನಿನವರು ಸೋತ ಮೇಲೆ ಜಾಸ್ತಿ ಹೊತ್ತು ಕೂತರು. ಒಬ್ಬರಿಗೆ ಸೋಲು "ಇದು ನಿನ್ನ ದಾರಿಯಲ್ಲ" ಅಂದಿತು, ಇನ್ನೊಬ್ಬರಿಗೆ "ಇಲ್ಲಿ ಇನ್ನೂ ಕೆಲಸ ಬಾಕಿ ಇದೆ" ಅಂದಿತು.

ಜಪಾನಿನಲ್ಲಿ "ಗಂಬಾರು" ಅನ್ನುವ ಮಾತಿದೆ, ಪಟ್ಟು ಬಿಡದೆ ಮಾಡು ಅಂತ. ಚೀನೀಯರಲ್ಲಿ "ಪೆದ್ದು ಹಕ್ಕಿ ಮೊದಲೇ ಹಾರುತ್ತದೆ" ಎಂಬ ಗಾದೆ ಇದೆ. ಪೆದ್ದು ಅಂತ ಒಪ್ಪಿಕೊಂಡೂ ಹಾರುವುದು ಬಿಡಲಿಲ್ಲ ನೋಡಿ.

ಆದರೂ ಜಪಾನಿನ ಹುಡುಗರು "ಸಾಮರ್ಥ್ಯ ಇಲ್ಲ" ಅಂದಿದ್ದು ನನಗೆ ಚುಚ್ಚುತ್ತದೆ. ಶ್ರಮ ಸಾಲಲಿಲ್ಲ ಅನ್ನುವುದು ಬೇರೆ, ನನ್ನಲ್ಲಿ ಅದಿಲ್ಲವೇ ಇಲ್ಲ ಅನ್ನುವುದು ಬೇರೆ. ಎರಡನ್ನೂ ವಿನಯ ಅಂತ ಒಂದೇ ಚೀಲಕ್ಕೆ ಹಾಕಬಾರದು.

ಇದೆಲ್ಲ ಸುಮ್ನೆ ವಿನಯದ ಮಾತಲ್ವಾ? ಒಳಗೆ ಬೇರೆಯೇ ಇರುತ್ತೆ.

ಅರ್ಧ ನಿಜ. ಹೆಚ್ಚು ಮಾರ್ಕ್ಸ್ ತೆಗೆದ ಹುಡುಗಿ ಮೇಷ್ಟ್ರ ಎದುರು "ನಾನು ಜಾಣೆ, ಅದಕ್ಕೇ ಬಂತು" ಅಂದರೆ ಅವಳ ಅಮ್ಮನೇ ಬೆನ್ನಿಗೊಂದು ಗುದ್ದು ಕೊಡುತ್ತಾರೆ. ಕಣ್ಣು ಬೀಳುತ್ತೆ ಅನ್ನುವ ಭಯ ಬೇರೆ. ನಮ್ಮಲ್ಲಿ ಗೆಲುವನ್ನು ಹೊರಗಿನವರಿಗೆ ಕೊಟ್ಟುಬಿಡುವುದು ಒಂದು ಮರ್ಯಾದೆ. "ದೇವರ ದಯೆ", "ನಿಮ್ಮ ಆಶೀರ್ವಾದ", "ನಂದೇನಿಲ್ಲ ಸರ್" ಇವೆಲ್ಲ ಊಟಕ್ಕೆ ಕರೆದಾಗ ಮೊದಲ ಸಲ ಬೇಡ ಅನ್ನುವ ಥರದ ಮಾತುಗಳು.

ಆದರೆ ದಿನಾ ಆಡುವ ಮಾತು ಬರೀ ಮಾತಾಗಿ ಉಳಿಯುವುದಿಲ್ಲ. ಹತ್ತು ವರ್ಷ "ನಂದೇನಿಲ್ಲ" ಅಂದವಳು ಒಂದು ದಿನ ಇಂಟರ್ವ್ಯೂನಲ್ಲಿ ಕೂತು, ನಿಮ್ಮ ಇಂಗ್ಲಿಷ್ ಹೇಗೆ ಸುಧಾರಿಸಿತು ಅಂತ ಕೇಳಿದರೆ ಉತ್ತರಕ್ಕೆ ತಡಕಾಡುತ್ತಾಳೆ. ತಾನು ರಾತ್ರಿ ಹನ್ನೊಂದಕ್ಕೆ ಕೂತು ಪದಗಳನ್ನು ಬರೆದು ಬರೆದು ಕಲಿತದ್ದು ಅವಳಿಗೇ ನೆನಪಾಗುವುದಿಲ್ಲ. ಅದನ್ನು ಯಾರಿಗೂ ಹೇಳಿಯೇ ಇಲ್ಲವಲ್ಲ.

ಹಾಗಾದರೆ ನಾವು ಎಲ್ಲವನ್ನೂ ಹಣೆಬರಹಕ್ಕೆ ಬಿಡುವವರು ಅನ್ನೋದು ನಿಜವೇ?

ಇಲ್ಲ, ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಮೈಸೂರಿನವರು ಆ ಅಧ್ಯಯನದಲ್ಲಿ ಹೇಳಿದ್ದು ಸಂದರ್ಭ ಮತ್ತು ಸಂಬಂಧ. ಹಣೆಬರಹ ಬೇರೆ, ಸಂದರ್ಭ ಬೇರೆ.

ನಮ್ಮ ಗಾದೆಗಳನ್ನೇ ನೋಡಿ, ಒಂದಕ್ಕೊಂದು ಜಗಳ. "ಬೆಳೆಯುವ ಸಿರಿ ಮೊಳಕೆಯಲ್ಲಿ" ಅಂದರೆ ಹುಟ್ಟುಗುಣದ ಪಕ್ಷ. "ಹಾಡ್ತಾ ಹಾಡ್ತಾ ರಾಗ" ಅಂದರೆ ಅಭ್ಯಾಸದ ಪಕ್ಷ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂದರೆ ವಯಸ್ಸಿನ ಪಕ್ಷ. "ಅದಕ್ಕೆಲ್ಲ ಪಡ್ಕೊಂಡು ಬಂದಿರ್ಬೇಕು" ಅನ್ನುವುದೂ ಉಂಟು. ಒಂದೇ ಮನೆಯಲ್ಲಿ ಅಜ್ಜಿ ಬೆಳಿಗ್ಗೆ ಒಂದು ಹೇಳಿ ಸಂಜೆ ಇನ್ನೊಂದು ಹೇಳುತ್ತಾರೆ. ಸಂಸ್ಕೃತಿ ನಮಗೆ ಒಂದೇ ಉತ್ತರ ಕೊಟ್ಟು ಕಳಿಸುವುದಿಲ್ಲ. ಬೇಕಾದಾಗ ತೆಗೆಯಿರಿ ಅಂತ ಒಂದು ಗಂಟನ್ನೇ ಕೊಟ್ಟಿರುತ್ತದೆ. ಯಾವ ಹೊತ್ತಿಗೆ ಯಾವುದನ್ನು ತೆಗೆಯುತ್ತೇವೆ ಅನ್ನುವುದರಲ್ಲಿದೆ ವಿಷಯ. ಮಗ ಫಸ್ಟ್ ಕ್ಲಾಸ್ ಬಂದಾಗ ಮೊಳಕೆ, ಪಕ್ಕದ ಮನೆಯವನು ಬಂದಾಗ ಅದೃಷ್ಟ!

ಭಾಷೆಗೆ ಹುಟ್ಟಿನಿಂದ ಬಂದ ಪ್ರತಿಭೆ ಅಂತ ಇದೆಯಾ ಇಲ್ಲವಾ?

ಇದೆ. ಅಮೆರಿಕದ ಜಾನ್ ಕ್ಯಾರಲ್ ಮತ್ತು ಸ್ಟಾನ್ಲಿ ಸಪೋನ್ 1959ರಲ್ಲಿ ಅದನ್ನು ಅಳೆಯುವ ಪರೀಕ್ಷೆಯನ್ನೇ ತಂದರು. ಆದರೆ ಇದೇ ಕ್ಯಾರಲ್ 1963ರಲ್ಲಿ ಅದಕ್ಕೊಂದು ಚೆಂದದ ಅರ್ಥ ಕೊಟ್ಟರು. ಪ್ರತಿಭೆ ಅಂದರೆ ಒಂದನ್ನು ಕಲಿಯಲು ಒಬ್ಬರಿಗೆ ಎಷ್ಟು ಹೊತ್ತು ಬೇಕು ಅನ್ನುವುದು. ಬರುತ್ತದೋ ಇಲ್ಲವೋ ಅನ್ನುವುದಲ್ಲ, ಬೇಗ ಬರುತ್ತದೋ ನಿಧಾನಕ್ಕೋ ಅನ್ನುವುದು. "ನನ್ನ ತಲೆಗೆ ಹತ್ತಲ್ಲ" ಅಂದವನಿಗೆ ನಾನು "ಹತ್ತುತ್ತೆ, ನಿನ್ನ ಮನೆ ಮೂರನೇ ಮಹಡಿಯಲ್ಲಿದೆ, ಮೆಟ್ಟಿಲು ಜಾಸ್ತಿ" ಅನ್ನುತ್ತೇನೆ. ನಗುತ್ತಾರೆ, ಆದರೆ ನೆನಪಿಟ್ಟುಕೊಳ್ಳುತ್ತಾರೆ.

"ನಮ್ದು ಕನ್ನಡ ಮೀಡಿಯಂ ಸರ್" ಅನ್ನೋದು ಕಾರಣವೋ ನೆಪವೋ?

ನನಗೆ ಬಂದ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಸ್ವಲ್ಪ ಉದ್ದ ಹೇಳುತ್ತೇನೆ.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಶುರುವಾಯಿತು. ಅದಕ್ಕೂ ಮುಂಚೆ ನಮ್ಮ ಕಾಲದಲ್ಲಿ ಐದನೇ ತರಗತಿಗೆ ಬಂದ ಮೇಲೆ ಎಬಿಸಿಡಿ. ಅಂದರೆ ಈಗ ನನ್ನ ಮುಂದೆ ಕೂತಿರುವ ಹುಡುಗರು ನನಗಿಂತ ನಾಲ್ಕು ವರ್ಷ ಜಾಸ್ತಿ ಇಂಗ್ಲಿಷ್ ಓದಿದವರು. ಆದರೂ ಅವರು ಹೇಳುವ ಕಾರಣ, ನಾವು ಹೇಳುತ್ತಿದ್ದ ಕಾರಣ ಒಂದೇ. ಹಾಗಾದರೆ "ಮೀಡಿಯಂ" ಅನ್ನುವ ಮಾತಿನೊಳಗೆ ವರ್ಷದ ಲೆಕ್ಕಕ್ಕಿಂತ ಬೇರೇನೋ ಇದೆ.

ಏನಿದೆ? ಕ್ಲಾಸು ಬಿಟ್ಟರೆ ಇಂಗ್ಲಿಷ್ ಕಿವಿಗೆ ಬೀಳದ ಊರಿದೆ. ಪಾಠವನ್ನೂ ಕನ್ನಡದಲ್ಲೇ ಬಿಡಿಸಿ ಹೇಳಿ, ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದ ಶಾಲೆ ಇದೆ. ಫೀಸು ಕಟ್ಟಲಾಗದ ಅಪ್ಪ ಇದ್ದಾರೆ. ಎಸ್ಸೆಸ್ಸೆಲ್ಸಿವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಚೆನ್ನಾಗಿ ಓದಿ, ಪಿಯುಸಿ ಸೈನ್ಸಿಗೆ ಕಾಲಿಟ್ಟ ದಿನ ದ್ಯುತಿಸಂಶ್ಲೇಷಣೆ ಅಂದದ್ದು ಫೋಟೋಸಿಂಥೆಸಿಸ್ ಆಗಿ ಎದುರು ನಿಂತ ಗಾಬರಿ ಇದೆ. ಯಾರೋ ತಪ್ಪು ಉಚ್ಚಾರಕ್ಕೆ ನಕ್ಕಿದ್ದೂ ಇದೆ. ನನಗೂ ಹೀಗೆ ನಕ್ಕಿದ್ದರು, ಇಪ್ಪತ್ತೈದು ವರ್ಷದ ಹಿಂದೆ, ಸೆಮಿನಾರ್ ಒಂದರಲ್ಲಿ. ಈಗಲೂ ಆ ಪದ ಬಂದರೆ ನಾನು ಸುತ್ತು ಹಾಕಿಕೊಂಡು ಬೇರೆ ಪದ ಬಳಸುತ್ತೇನೆ.

ಇಷ್ಟನ್ನೂ ಒಬ್ಬ ಹುಡುಗ ಮೇಷ್ಟ್ರ ಎದುರು ನಿಂತು ಹೇಳಲು ಆಗುತ್ತದಾ? ಎರಡೇ ಪದದಲ್ಲಿ "ಕನ್ನಡ ಮೀಡಿಯಂ" ಅನ್ನುತ್ತಾನೆ. ಹಾಗಾಗಿ ಅದು ನೆಪ ಅಲ್ಲ. ಆದರೆ ತೊಂದರೆ ಎಲ್ಲಿ ಅಂದರೆ, ಆ ಎರಡು ಪದ ಆಗಿಹೋದ ಹತ್ತು ವರ್ಷಕ್ಕೆ ಬೊಟ್ಟು ಮಾಡುತ್ತದೆ, ಅದನ್ನು ಇನ್ನು ಯಾರೂ ಬದಲಿಸಲಾರರು. ಅದನ್ನೇ ಬಿಡಿಸಿ "ನನಗೆ ಇಂಗ್ಲಿಷ್ ಕೇಳುವ ಅಭ್ಯಾಸ ಇಲ್ಲ" ಅಂದರೆ ಅದಕ್ಕೆ ಮದ್ದಿದೆ. "ಮಾತಾಡಲು ಯಾರೂ ಇಲ್ಲ" ಅಂದರೂ ಇದೆ. "ನಗುತ್ತಾರೆ" ಅಂದರೆ ಮದ್ದು ಕುಡಿಯಬೇಕಾದವರು ನಗುವವರು.

ಇದೇ ಮಾತಿಗೆ ಇನ್ನೊಂದು ಮುಖ. ಇಂಗ್ಲಿಷ್ ಮೀಡಿಯಮ್ಮಿನಿಂದ ಬಂದ ಹುಡುಗಿಗೆ ಕಡಿಮೆ ಮಾರ್ಕ್ಸ್ ಬಂದರೆ ಅವಳಿಗೆ ಈ ಆಸರೆಯೂ ಇಲ್ಲ. "ಅಷ್ಟು ಫೀಸ್ ಕಟ್ಟಿದ್ರೂ ಹೀಗಾ?" ಅನ್ನುತ್ತಾರೆ. ಅವಳಿಗೆ ಉಳಿಯುವುದು ಒಂದೇ ಕಾರಣ, ನಾನು ದಡ್ಡಿ.

ಅಂದರೆ "ಕಷ್ಟಪಟ್ಟರೆ ಬಂದೇ ಬರುತ್ತೆ" ಅಂತ ಹೇಳಿಕೊಡಬೇಕು, ಅಲ್ವಾ?

ನಿಧಾನ. ಈ ಮಾತು ನನಗೆ ಮೊದಲು ತುಂಬಾ ಇಷ್ಟವಾಗಿತ್ತು. ಹೆರಾಲ್ಡ್ ಸ್ಟೀವನ್ಸನ್ ಮತ್ತು ಜೇಮ್ಸ್ ಸ್ಟಿಗ್ಲರ್ ಅಮೆರಿಕದ ಮಿನಿಯಾಪೊಲಿಸ್, ಜಪಾನಿನ ಸೆಂದೈ, ತೈವಾನಿನ ತೈಪೆ ಊರುಗಳ ಶಾಲೆಗಳನ್ನು ಹೋಲಿಸಿ, ಏಷ್ಯಾದ ತಾಯಂದಿರು ಶ್ರಮಕ್ಕೂ ಅಮೆರಿಕದ ತಾಯಂದಿರು ಹುಟ್ಟುಬುದ್ಧಿಗೂ ಜಾಸ್ತಿ ಒತ್ತು ಕೊಡುತ್ತಾರೆ ಅಂತ ತೋರಿಸಿದರು. ಅದರಲ್ಲಿ ಗಣಿತದ ಪಾಲು ದೊಡ್ಡದು, ಅದು ನೆನಪಿರಲಿ.

ಆದರೆ ನನ್ನ ಕ್ಲಾಸಿನಲ್ಲಿ ಬೆಳಿಗ್ಗೆ ಹಾಲು ಹಾಕಿ, ಎರಡು ಬಸ್ ಬದಲಿಸಿ ಬರುವ ಹುಡುಗ ಇದ್ದಾನೆ. ಅವನಿಗೆ "ಇನ್ನೂ ಕಷ್ಟಪಡು" ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವನು ಪಡುತ್ತಿರುವ ಕಷ್ಟ ಸಾಲದು ಅಂತ ಆಗುತ್ತದಲ್ಲ! ಅವನಿಗೆ ಬೇಕಿರುವುದು ದಾರಿ. ಒಂದೇ ಗೈಡನ್ನು ನಾಲ್ಕು ಸಲ ಓದುವುದೂ ಶ್ರಮವೇ, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಒಂದು ಸುದ್ದಿಯನ್ನು ನಾಲ್ಕು ಸಲ ಕೇಳುವುದೂ ಶ್ರಮವೇ. ಮಾತು ಬರುವುದು ಎರಡನೆಯದರಿಂದ. ನಮ್ಮವರು ಕೊಡುವ ಕಾರಣಗಳಲ್ಲಿ "ಓದುವ ರೀತಿ ತಪ್ಪಿತ್ತು" ಅನ್ನುವುದನ್ನು ನಾನು ಕೇಳಿದ್ದು ಬಹಳ ಕಡಿಮೆ.

ಮಕ್ಕಳನ್ನು "ಜಾಣ", "ಜಾಣೆ" ಅನ್ನಬಾರದಾ ಹಾಗಾದರೆ?

ಅನ್ನಿ ಮಾರಾಯರೇ. ಕ್ಲೌಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞೆಯರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತಿಕೆಗೆ ಹೊಗಳಿಸಿಕೊಂಡ ಅಮೆರಿಕದ ಮಕ್ಕಳು ಮುಂದಿನ ಸೋಲಿನ ನಂತರ, ಶ್ರಮಕ್ಕೆ ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲಿದರು. ಆಮೇಲೆ ಬುದ್ಧಿ ಶ್ರಮದಿಂದ ಬೆಳೆಯುತ್ತದೆ ಅಂತ ಮಕ್ಕಳಿಗೆ ಹೇಳಿಕೊಡುವ ದೊಡ್ಡ ಅಲೆಯೇ ಎದ್ದಿತು, ಆದರೆ ಆಮೇಲೆ ಶಾಲೆಗಳಲ್ಲಿ ಮಾಡಿದ ದೊಡ್ಡ ಪ್ರಯೋಗಗಳಲ್ಲಿ ಪರಿಣಾಮ ಸಣ್ಣದಾಗಿಯೇ ಕಂಡಿತು. ನಮ್ಮಲ್ಲಂತೂ ತಟ್ಟೆ ಖಾಲಿ ಮಾಡಿದ ಮಗುವಿಗೂ ಜಾಣ ಮರಿ ಅನ್ನುತ್ತೇವೆ. ಅಲ್ಲಿ ಯಾರೂ ಬುದ್ಧಿ ಅಳೆಯುತ್ತಿಲ್ಲ.

ಬೆಂಗಳೂರಿಗೆ ಬಂದವರು ಹತ್ತು ವರ್ಷವಾದರೂ ಕನ್ನಡ ಕಲಿಯಲ್ಲ. ಅವರು ಯಾವ ಕಾರಣ ಕೊಡುತ್ತಾರೆ?

ಕೇಳಿ ನೋಡಿ. "ನಾನು ಶುರು ಮಾಡಿದೆ, ಆದರೆ ಎಲ್ಲರೂ ನನ್ನ ಜೊತೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡ್ತಾರೆ" ಅನ್ನುತ್ತಾರೆ. ಹೊರಗಿನ ಕಾರಣ, ತಪ್ಪು ನಮ್ಮದು. ಸಿಟ್ಟು ಬರುತ್ತದೆ, ಆದರೆ ಪೂರ್ತಿ ಸುಳ್ಳಲ್ಲ. ತಪ್ಪುತಪ್ಪಾಗಿ ಕನ್ನಡ ಶುರು ಮಾಡಿದವರ ಎದುರು ನಾವೇ ಥಟ್ಟನೆ ಭಾಷೆ ಬದಲಿಸುವವರು.

ಗಮನಿಸಬೇಕಾದ್ದು ಇದು: ನಮ್ಮ ಹಳ್ಳಿ ಹುಡುಗನಿಗೆ ಇಂಗ್ಲಿಷ್ ಬರದಿದ್ದರೆ ನಾಚಿಕೆ ಅವನದ್ದು, ಇವರಿಗೆ ಕನ್ನಡ ಬರದಿದ್ದರೆ ನಾಚಿಕೆ ಯಾರದ್ದೂ ಅಲ್ಲ. ಯಾವ ಭಾಷೆಯಿಂದ ಸಂಬಳ ಬರುತ್ತದೆ ಅನ್ನುವುದೂ ಕಾರಣಗಳನ್ನು ರೂಪಿಸುತ್ತದೆ.

ಅಮೆರಿಕದಲ್ಲಿ ಹುಟ್ಟಿದ ನಮ್ಮ ಮೊಮ್ಮಕ್ಕಳಿಗೆ ಕನ್ನಡ ಅರ್ಥವಾಗುತ್ತೆ, ಮಾತಾಡಲ್ಲ. ಯಾಕೆ ಅಂದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಅಜ್ಜಿ "ನೀವೇ ಮನೇಲಿ ಮಾತಾಡಿಸ್ಲಿಲ್ಲ" ಅನ್ನುತ್ತಾರೆ. ಅಪ್ಪ ಅಮ್ಮ "ಇಲ್ಲಿನ ವಾತಾವರಣವೇ ಹಾಗೆ" ಅನ್ನುತ್ತಾರೆ. ಮಗು "ಐ ಆಮ್ ಬ್ಯಾಡ್ ಅಟ್ ಇಟ್" ಅನ್ನುತ್ತದೆ. ಸಂಬಂಧ, ಸಂದರ್ಭ, ಸ್ವಂತ ಗುಣ. ಮೈಸೂರಿನಿಂದ ಷಿಕಾಗೋವರೆಗೆ ಒಂದೇ ಊಟದ ಟೇಬಲ್ಲಿನಲ್ಲಿ! ಆ ಮಗು "ಬ್ಯಾಡ್" ಅಲ್ಲ, ಕೇಳಿ ಅರ್ಥ ಮಾಡಿಕೊಳ್ಳುವ ಅರ್ಧ ಭಾಷೆ ಆಗಲೇ ಅದರ ಹತ್ತಿರ ಇದೆ ಅಂತ ಯಾರಾದರೂ ಹೇಳಬೇಕಷ್ಟೆ. ಅಜ್ಜಿ ಹೇಳಿದರೆ ಒಳ್ಳೆಯದು.

ನಮ್ಮ ಕ್ಲಾಸಿನಲ್ಲೇ ಇದನ್ನು ಕೇಳಿ ನೋಡಬಹುದಾ?

ಖಂಡಿತ, ಆದರೆ ನನ್ನ ಹಾಗೆ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಬೇಡಿ. ಎದುರಿಗೆ ಮೇಷ್ಟ್ರು ನಿಂತರೆ ಬರುವ ಉತ್ತರ ಮೇಷ್ಟ್ರಿಗೆ ಬೇಕಾದ ಉತ್ತರ. ಹೆಸರಿಲ್ಲದ ಚೀಟಿ ಕೊಡಿ, ಕನ್ನಡದಲ್ಲೇ ಬರೆಯಲಿ. "ಸಾಮರ್ಥ್ಯ, ಶ್ರಮ, ಅದೃಷ್ಟ, ಇವುಗಳಲ್ಲಿ ಒಂದಕ್ಕೆ ಗುರುತು ಹಾಕಿ" ಅಂತ ಕೇಳಬೇಡಿ, ಹಾಗೆ ಕೇಳಿದರೆ ಅವರ ಕಾರಣ ಸಿಗದೆ ನಿಮ್ಮ ಕಾರಣವೇ ವಾಪಸ್ ಬರುತ್ತದೆ. ಗೆದ್ದದ್ದು ಒಂದು, ಸೋತದ್ದು ಒಂದು, ಎರಡನ್ನೂ ಬರೆಸಿ. ಪರೀಕ್ಷೆಯದ್ದೇ ಆಗಬೇಕಿಲ್ಲ. ಬ್ಯಾಂಕಿನಲ್ಲಿ ಫಾರ್ಮ್ ತುಂಬಿದ್ದು, ಕಸ್ಟಮರ್ ಕೇರಿನವರ ಜೊತೆ ಮಾತಾಡಿದ್ದು, ಯಾವುದಾದರೂ ಸರಿ.

ಕಳೆದ ವರ್ಷ ನಾನು ಹೀಗೆ ಬರೆಸಿದಾಗ "ಪಾಠ ಚೆನ್ನಾಗಿತ್ತು" ಅನ್ನುವ ಚೀಟಿಗಳು ಮೂರೋ ನಾಲ್ಕೋ ಅಷ್ಟೇ ಬಂದವು. ಕಾರಿಡಾರಿನ ಲಾಭವೆಲ್ಲ ಅಲ್ಲಿಗೆ ಕರಗಿತು. ಒಂದರಲ್ಲಿ ಹೀಗಿತ್ತು: "ನಮ್ಮಕ್ಕ ಅಂಗಡಿಯ ಇಂಗ್ಲಿಷ್ ಬೋರ್ಡುಗಳನ್ನೆಲ್ಲ ಓದಿಸ್ತಾ ಸ್ಕೂಲಿಗೆ ಕರ್ಕೊಂಡು ಹೋಗ್ತಿದ್ಲು. ಅವಳು ಎಂಟನೇ ಕ್ಲಾಸಿಗೆ ಬಿಟ್ಟಳು." ಇದನ್ನು ಒಳಗಿನ ಕಾರಣ ಅನ್ನಬೇಕೋ ಹೊರಗಿನದು ಅನ್ನಬೇಕೋ ಅಂತ ಪಟ್ಟಿ ಮಾಡುವಾಗ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಆ ಚೀಟಿ ಈಗಲೂ ಯಾವ ಕಾಲಂಗೂ ಸೇರದೆ ನನ್ನ ಡ್ರಾಯರಿನಲ್ಲಿದೆ.